ಕಿವಿ ಚೂಪಾಗುವ ಮುಂಚೆ

ಓದುಗರ ಪ್ರಶ್ನೆ: ‘ಕೊಲಂಬೊ’ ಎಂಬ ಹಳೆಯ ಅಮೆರಿಕನ್ ಪತ್ತೇದಾರಿ ಸರಣಿಯ ಕಂತೊಂದನ್ನು ನೋಡಿದೆ. ಅದರಲ್ಲಿ ಕೊಲೆ ಮಾಡುವ ಡಾಕ್ಟರು ಚಿಕ್ಕಂದಿನಲ್ಲಿ ದೂರದರ್ಶನದಲ್ಲಿ ನೋಡಿದ ‘ಸ್ಟಾರ್ ಟ್ರೆಕ್’ನ ಸ್ಪಾಕ್ ಥರವೇ ಕಂಡರು. ಕೊಲೆಯಾಗುವ ನರ್ಸನ್ನೂ ಎಲ್ಲೋ ನೋಡಿದ ಹಾಗಿದೆ. ಹೌದೋ ಅಲ್ಲವೋ ಹೇಳಿ. ಈ ವೈಜ್ಞಾನಿಕ ಸರಣಿಗಳ ನಟನಟಿಯರು ಬೇರೆ ಯಾವ ಹಳೆಯ ಚಿತ್ರಗಳಲ್ಲಿ ಸಿಗುತ್ತಾರೆ? ವೇಷ ಬದಲಾದಾಗ ಗುರುತು ಹಿಡಿಯುವುದು ಹೇಗೆ?
— ಒಬ್ಬ ಓದುಗರು, ದಾವಣಗೆರೆ

ಹೌದು, ಅವರೇ. ನೀವು ನೋಡಿದ್ದು 1973ರ ಫೆಬ್ರುವರಿಯಲ್ಲಿ ಪ್ರಸಾರವಾದ ‘ಎ ಸ್ಟಿಚ್ ಇನ್ ಕ್ರೈಮ್’. ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಗಟ್ಟಿಯಾಗಿ ಉಳಿಯಬೇಕಾದ ದಾರದ ಬದಲು, ಕೆಲವು ದಿನಗಳಲ್ಲಿ ಕರಗಿಹೋಗುವ ದಾರದಿಂದ ಹೊಲಿಗೆ ಹಾಕಿ ತನ್ನ ಹಿರಿಯ ಸಹೋದ್ಯೋಗಿಯನ್ನೇ ಮುಗಿಸಲು ಹೊರಡುವ ಡಾ. ಬ್ಯಾರಿ ಮೇಫೀಲ್ಡ್ ಪಾತ್ರದಲ್ಲಿರುವವರು ಲೆನರ್ಡ್ ನಿಮಾಯ್. ನರ್ಸ್ ವಿಷಯದಲ್ಲೂ ನಿಮ್ಮ ಅನುಮಾನ ಸರಿ. ಆಕೆ ಆನ್ ಫ್ರಾನ್ಸಿಸ್. 1956ರ ‘ಫರ್ಬಿಡನ್ ಪ್ಲಾನೆಟ್’ ಚಿತ್ರದಲ್ಲಿ ದೂರದ ಗ್ರಹವೊಂದರಲ್ಲಿ ಅಪ್ಪ ಮತ್ತು ರೋಬಾಟ್ ಜೊತೆ ಬೆಳೆದ ಆಲ್ಟೇರಾ ಎಂಬ ಹುಡುಗಿಯಾಗಿದ್ದವರು. ಆ ರೋಬಾಟ್‌ನ ಹೆಸರು ರಾಬಿ. ಅದೂ ಮರುವರ್ಷ, 1974ರಲ್ಲಿ, ‘ಕೊಲಂಬೊ’ದ ಇನ್ನೊಂದು ಕಂತಿನಲ್ಲಿ ಬಂದುಹೋಯಿತು. ಚಿತ್ರದ ನಾಯಕ ಲೆಸ್ಲಿ ನೀಲ್ಸನ್ ಕೂಡ ಅದೇ ಸರಣಿಯ ಎರಡು ಕಂತುಗಳಲ್ಲಿದ್ದಾರೆ.

ನೀವು ನೋಡಿದ ಕಂತಿನ ಒಂದು ದೃಶ್ಯವನ್ನು ಇನ್ನೊಮ್ಮೆ ನೋಡಿ. ಕೊಲಂಬೊ ವೈದ್ಯನ ಕೋಣೆಗೆ ಬಂದು ತನ್ನ ಅನುಮಾನವನ್ನು ಮುಖಕ್ಕೇ ಹೇಳುತ್ತಾನೆ. ಮೇಫೀಲ್ಡ್ ನಗುತ್ತಾನೆ. ಎಂದೂ ದನಿ ಏರಿಸದ, ತಲೆ ಕೆರೆದುಕೊಂಡು ನಿಲ್ಲುವ ಆ ಪತ್ತೇದಾರ ಮೇಜಿನ ಮೇಲಿದ್ದ ನೀರಿನ ಹೂಜಿಯನ್ನು ಧಡಾರನೆ ಕುಟ್ಟುತ್ತಾನೆ. ಇಡೀ ಸರಣಿಯಲ್ಲಿ ಕೊಲಂಬೊ ನಿಜವಾಗಿ ಸಿಟ್ಟಾಗುವುದು ತೀರಾ ಅಪರೂಪ. ಅಂಥ ಸಿಟ್ಟು ತರಿಸಲು ಎದುರಿಗಿದ್ದವನಲ್ಲಿ ಏನಿರಬೇಕು? ಕೂಗಾಟವಲ್ಲ, ಬೆದರಿಕೆಯಲ್ಲ, ಬರೀ ಸಮಾಧಾನ. ಸ್ಪಾಕ್‌ನಲ್ಲಿ ನಾವು ಮೆಚ್ಚಿದ್ದು ಅದೇ ಸಮಾಧಾನವನ್ನು. ಅಳತೆಯ ಮಾತು, ಅಲುಗಾಡದ ಭುಜ, ಎದುರಿನವರ ಭಾವನೆಯನ್ನು ದೂರದಿಂದ ಗಮನಿಸುವ ಕಣ್ಣು ಎಲ್ಲವೂ ಇಲ್ಲಿವೆ. ಅಲ್ಲಿ ಅವು ಸದ್ಗುಣವಾಗಿದ್ದವು, ಇಲ್ಲಿ ಕ್ರೌರ್ಯವಾಗಿವೆ.

ಇನ್ನು ಗುರುತು ಹಿಡಿಯುವ ವಿಷಯ. ಮುಖವನ್ನು ನಂಬಬೇಡಿ, ದನಿಯನ್ನು ನಂಬಿ. ಸ್ಪಾಕ್ ಪಾತ್ರಕ್ಕಾಗಿ ನಿಮಾಯ್ ಅವರ ಹುಬ್ಬನ್ನು ಅರ್ಧ ಬೋಳಿಸಿ, ಮೇಲಕ್ಕೆ ಓರೆಯಾಗಿ ಬೇರೆ ಹುಬ್ಬು ಕೂರಿಸುತ್ತಿದ್ದರು. ಕಿವಿ ಅಂತೂ ರಬ್ಬರಿನದು. ಅವೆರಡನ್ನೇ ನೆನಪಿಟ್ಟುಕೊಂಡು ಹುಡುಕಲು ಹೊರಟರೆ ಹಳೆಯ ಚಿತ್ರಗಳಲ್ಲಿ ಅವರು ಕಣ್ಣ ಮುಂದೆ ನಡೆದುಹೋದರೂ ಗೊತ್ತಾಗುವುದಿಲ್ಲ. ಆದರೆ ಎದೆಯಾಳದಿಂದ ಬರುವ ಆ ಒಣ ದನಿ ಇಪ್ಪತ್ತರ ಹರೆಯದಲ್ಲೂ ಹೆಚ್ಚುಕಡಿಮೆ ಹಾಗೇ ಇತ್ತು. 1954ರ ‘ದೆಮ್!’ ಎಂಬ ದೈತ್ಯ ಇರುವೆಗಳ ಚಿತ್ರದಲ್ಲಿ ಅವರು ಟೆಲಿಪ್ರಿಂಟರ್ ಪಕ್ಕ ನಿಂತ ಸೈನಿಕ. ಇರುವುದು ಕೆಲವೇ ಸೆಕೆಂಡು, ಹೆಸರೂ ಹಾಕಿಲ್ಲ. ದೃಶ್ಯ ಮುಗಿಯುವುದರೊಳಗೆ ಕಣ್ಣಿಗೆ ತಪ್ಪಬಹುದು, ಕಿವಿಗೆ ತಪ್ಪುವುದಿಲ್ಲ. ಅದೇ ಚಿತ್ರದಲ್ಲಿ ಫೆಸ್ ಪಾರ್ಕರ್ ಎಂಬ ನಟ ಹಾರುವ ಇರುವೆ ಕಂಡೆನೆಂದು ಹೇಳಿ ಆಸ್ಪತ್ರೆ ಸೇರಿದ ಪೈಲಟ್ ಆಗಿ ಒಂದೇ ದೃಶ್ಯದಲ್ಲಿ ಬರುತ್ತಾರೆ. ಆ ಒಂದು ದೃಶ್ಯ ನೋಡಿ ವಾಲ್ಟ್ ಡಿಸ್ನಿ ಅವರನ್ನು ಡೇವಿ ಕ್ರಾಕೆಟ್ ಪಾತ್ರಕ್ಕೆ ಆರಿಸಿದರು. ಇಂಥ ಕ್ಷಣಮಾತ್ರದ ಪಾತ್ರಗಳ ಮೇಲೆ ಎಷ್ಟು ಜನರ ಬದುಕು ನಿಂತಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಟೈಟಲ್ ಕಾರ್ಡನ್ನೂ ಪೂರ್ತಿ ನಂಬುವಂತಿಲ್ಲ. 1958ರ ‘ದಿ ಬ್ರೈನ್ ಈಟರ್ಸ್’ನಲ್ಲಿ ನಿಮಾಯ್ ಹೆಸರಿನ ಅಕ್ಷರವೇ ತಪ್ಪಾಗಿದೆ. ಇನ್ನು ‘ಸ್ಟಾರ್ ಟ್ರೆಕ್’ನಲ್ಲಿ ಸ್ಪಾಕ್‌ನ ತಂದೆಯಾಗಿ ಬರುವ ಮಾರ್ಕ್ ಲೆನಾರ್ಡ್ ಬೇರೆಯೇ ನಟ. ಹೆಸರಿನ ಹೋಲಿಕೆಯಿಂದ ಗೊಂದಲವಾಗುವುದು ಸಹಜ. ಅವರನ್ನು ಹುಡುಕಬೇಕಾದರೆ 1965ರ ‘ದಿ ಗ್ರೇಟೆಸ್ಟ್ ಸ್ಟೋರಿ ಎವರ್ ಟೋಲ್ಡ್’ ಚಿತ್ರದ ಮೊದಲ ಭಾಗ ನೋಡಿ. ಶಿಶು ಯೇಸುವಿಗೆ ಕಾಣಿಕೆ ತರುವ ಮೂವರು ಜ್ಞಾನಿಗಳಲ್ಲಿ ಒಬ್ಬರು ಅವರು. ಯೇಸುವೇ ಬೇಕೆಂದರೆ ಅದಕ್ಕೂ ಉತ್ತರವಿದೆ. 1961ರ ‘ಕಿಂಗ್ ಆಫ್ ಕಿಂಗ್ಸ್’ನಲ್ಲಿ ಯೇಸುವಾಗಿದ್ದ ಜೆಫ್ರಿ ಹಂಟರ್, ‘ಸ್ಟಾರ್ ಟ್ರೆಕ್’ನ ಮೊಟ್ಟಮೊದಲ ಮಾದರಿ ಕಂತಿನಲ್ಲಿ ಅಂತರಿಕ್ಷ ಹಡಗಿನ ಕ್ಯಾಪ್ಟನ್ ಪೈಕ್. ಎನ್‌ಬಿಸಿ ವಾಹಿನಿ ಆ ಕಂತನ್ನು ಒಪ್ಪಲಿಲ್ಲ. ಎರಡನೇ ಮಾದರಿಗೆ ಹಂಟರ್ ಬರಲಿಲ್ಲ, ಕ್ಯಾಪ್ಟನ್ ಕರ್ಕ್ ಆಗಿ ವಿಲಿಯಂ ಶಾಟ್ನರ್ ಬಂದರು.

ಒಂದೇ ಗುಂಪಿನ ನಟರು ಎಲ್ಲೆಲ್ಲೂ ಕಾಣುವುದಕ್ಕೆ ಕಾರಣ ಆ ಕಾಲದ ಟಿವಿ ಉದ್ಯಮ ನಡೆಯುತ್ತಿದ್ದ ರೀತಿ. 1950ರ ದಶಕದಲ್ಲಿ ಅಮೆರಿಕದ ಸರಣಿಯೊಂದಕ್ಕೆ ವರ್ಷಕ್ಕೆ ಮೂವತ್ತೊಂಬತ್ತು ಕಂತು ಸಾಮಾನ್ಯ. ‘ಸ್ಟಾರ್ ಟ್ರೆಕ್’ನ ಮೊದಲ ವರ್ಷಕ್ಕೇ 29 ಕಂತು ಬೇಕಾಯಿತು. ‘ಗನ್‌ಸ್ಮೋಕ್’ ಎಂಬ ಕೌಬಾಯ್ ಸರಣಿ ಇಪ್ಪತ್ತು ವರ್ಷ ನಡೆದು 635 ಕಂತು ಮುಗಿಸಿತು. ಈ ಪ್ರತಿ ಕಂತಿಗೂ ಹೊಸ ಕಳ್ಳ, ಹೊಸ ಸಾಕ್ಷಿ, ಹೊಸ ವಿಧವೆ ಬೇಕು. ಹೀಗೆ ಅತಿಥಿ ಪಾತ್ರಗಳಲ್ಲೇ ಜೀವನ ಸಾಗಿಸುವ ನೂರಾರು ನಟರು ಲಾಸ್ ಏಂಜಲೀಸ್‌ನಲ್ಲಿದ್ದರು. ಈ ವಾರ ವಕೀಲ, ಮುಂದಿನ ವಾರ ಕುದುರೆ ಕಳ್ಳ, ಆಮೇಲೆ ತಿಂಗಳು ಖಾಲಿ. ನಿಮಾಯ್ ಆ ಖಾಲಿ ತಿಂಗಳುಗಳಲ್ಲಿ ಟ್ಯಾಕ್ಸಿ ಓಡಿಸಿದ್ದುಂಟು.

ನಟರಷ್ಟೇ ಅಲ್ಲ, ಬೀದಿಗಳೂ ಹೀಗೆ ಸುತ್ತುತ್ತಿದ್ದವು. ‘ಸ್ಟಾರ್ ಟ್ರೆಕ್’ ತಯಾರಿಸಿದ ಡೆಸಿಲು ಕಂಪನಿಗೆ ಕಲ್ವರ್ ಸಿಟಿಯಲ್ಲಿ ‘ನಲವತ್ತು ಎಕರೆ’ ಎಂದು ಕರೆಯುತ್ತಿದ್ದ ಹೊರಾಂಗಣ ಜಾಗವಿತ್ತು. ‘ಗಾನ್ ವಿತ್ ದ ವಿಂಡ್’ನ ಸೆಟ್ ಹಾಕಿದ್ದು ಅಲ್ಲೇ. ‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’ ಕಂತಿನಲ್ಲಿ ಕರ್ಕ್ 1930ರ ನ್ಯೂಯಾರ್ಕ್ ಬೀದಿಯಲ್ಲಿ ತಾನು ಪ್ರೀತಿಸುವ ಹೆಂಗಸಿನ ಜೊತೆ ನಡೆಯುತ್ತಾನಲ್ಲ, ಆಗ ಹಿಂದಿನ ಅಂಗಡಿಯ ಬೋರ್ಡು ಓದಿ. ಫ್ಲಾಯ್ಡ್ ಎಂಬವನ ಕ್ಷೌರದಂಗಡಿ. ಅದು ‘ದಿ ಆಂಡಿ ಗ್ರಿಫಿತ್ ಶೋ’ ಎಂಬ ಹಳ್ಳಿ ಹಾಸ್ಯ ಸರಣಿಯ ಅಂಗಡಿ. ಕಾಲವನ್ನೇ ದಾಟಿ ಬಂದ ಪ್ರೇಮಿ ನಿಜವಾಗಿ ನಡೆಯುತ್ತಿರುವುದು ಆ ಸರಣಿಯ ಮೇಬೆರಿ ಎಂಬ ಕಾಲ್ಪನಿಕ ಊರಿನ ಬೀದಿಯಲ್ಲಿ.

ನೀವು ಕೇಳದೆ ಇದ್ದರೂ ಒಂದು ಮಾತು ಹೇಳಲೇಬೇಕು. ಈ ಗುರುತು ಹಿಡಿಯುವ ಕೆಲಸ ಕೆಲವು ದಿನ ಆಟದಂತೆ ಇರುತ್ತದೆ. ಆಮೇಲೆ ಪಾತ್ರಗಳ ಪಟ್ಟಿಯನ್ನು ಒಟ್ಟಿಗಿಟ್ಟು ನೋಡಿದಾಗ ಬೇರೆಯೇ ಒಂದು ಸಂಗತಿ ಕಾಣತೊಡಗುತ್ತದೆ. ಯಾವ ಮುಖಕ್ಕೆ ಯಾವ ಪಾತ್ರ ಎಂದು ಹಾಲಿವುಡ್ ಹೇಗೆ ಹಂಚುತ್ತಿತ್ತು ಎಂಬುದು ಬಯಲಾಗುತ್ತದೆ.

ನಿಮಾಯ್ ಅವರ ಪಟ್ಟಿಯನ್ನೇ ನೋಡಿ. ಉಕ್ರೇನಿನಿಂದ ಬಂದ ಯಹೂದಿ ದಂಪತಿಯ ಮಗ, ಬಾಸ್ಟನ್‌ನಲ್ಲಿ ಹುಟ್ಟಿದವರು. ಉದ್ದ ಮುಖ, ಕಪ್ಪು ಕೂದಲು, ಚೂಪು ಮೂಗು. 1952ರಲ್ಲಿ ‘ಕಿಡ್ ಮಂಕ್ ಬರೋನಿ’ಯ ಮುಖ ವಿಕಾರವಾದ ಇಟಾಲಿಯನ್ ಬಾಕ್ಸರ್. ಅದೇ ವರ್ಷ ‘ಜಾಂಬೀಸ್ ಆಫ್ ದಿ ಸ್ಟ್ರಾಟೋಸ್ಫಿಯರ್’ ಎಂಬ ಹನ್ನೆರಡು ಭಾಗಗಳ ಸಿನಿಮಾ ಸರಣಿಯಲ್ಲಿ ಮಂಗಳ ಗ್ರಹದ ನರಾಬ್. 1953ರ ‘ಓಲ್ಡ್ ಓವರ್‌ಲ್ಯಾಂಡ್ ಟ್ರೇಲ್’ನಲ್ಲಿ ಬ್ಲ್ಯಾಕ್ ಹಾಕ್ ಎಂಬ ಮೂಲನಿವಾಸಿ ನಾಯಕ. 1966ರ ವಸಂತದಲ್ಲಿ, ಅಂದರೆ ‘ಸ್ಟಾರ್ ಟ್ರೆಕ್’ ಶುರುವಾಗಲು ಐದೇ ತಿಂಗಳಿರುವಾಗ, ‘ಗನ್‌ಸ್ಮೋಕ್’ನಲ್ಲಿ ಜಾನ್ ವಾಕಿಂಗ್ ಫಾಕ್ಸ್ ಎಂಬ ಮೂಲನಿವಾಸಿ. ಬೇಟೆಯಾಡಿ ಬದುಕುವ ಆತ ಹಳೆಯ ಚಿನ್ನದ ನಾಣ್ಯವೊಂದನ್ನು ಊರಿಗೆ ತಂದದ್ದೇ ತಡ, ನಿಧಿಯ ಆಸೆಗೆ ಊರಿನವರೆಲ್ಲ ಅವನ ಸುತ್ತ ಸೇರುತ್ತಾರೆ. ಊರಿನ ಬಿಳಿಯರ ದುರಾಸೆಯನ್ನು ಮೌನವಾಗಿ ನೋಡುವ ಆ ಪಾತ್ರದಿಂದ ಸ್ಪಾಕ್‌ಗೆ ಒಂದೇ ಹೆಜ್ಜೆ. ಹದಿನಾಲ್ಕು ವರ್ಷ ಅವರಿಗೆ ಸಿಕ್ಕಿದ್ದು ‘ಹೊರಗಿನವನ’ ಪಾತ್ರಗಳೇ. ಸ್ಪಾಕ್ ಕೂಡ ಹೊರಗಿನವನೇ, ಅಪ್ಪ ಒಂದು ಲೋಕದವನು, ಅಮ್ಮ ಇನ್ನೊಂದು ಲೋಕದವಳು. ಆದರೆ ಈ ಸಲ ಹೊರಗಿನವನು ಹಡಗಿನ ಎರಡನೇ ಅಧಿಕಾರಿ, ಎಲ್ಲರಿಗಿಂತ ಬುದ್ಧಿವಂತ, ಎಲ್ಲರೂ ಅವನ ಮಾತು ಕೇಳುತ್ತಾರೆ.

ಮೈಕೆಲ್ ಅನ್ಸಾರಾ ಅವರದೂ ಇದೇ ದಾರಿ. ಸಿರಿಯಾದಲ್ಲಿ ಹುಟ್ಟಿದ ಈ ನಟನಿಗೆ ಹೆಸರು ತಂದದ್ದು 1956ರಲ್ಲಿ ಶುರುವಾದ ‘ಬ್ರೋಕನ್ ಆ್ಯರೋ’ ಸರಣಿಯ ಅಪಾಚೆ ನಾಯಕ ಕೊಚೀಸ್ ಪಾತ್ರ. 1968ರಲ್ಲಿ ‘ಸ್ಟಾರ್ ಟ್ರೆಕ್’ನಲ್ಲಿ ಕ್ಲಿಂಗನ್ ಎಂಬ ಶತ್ರು ಜನಾಂಗದ ಸೇನಾನಿ ಕ್ಯಾಂಗ್ ಆದರು. ಕಾಲು ಶತಮಾನದ ನಂತರ ಹೊಸ ಸರಣಿಗಳಲ್ಲೂ ಅದೇ ಕ್ಯಾಂಗ್ ಆಗಿ ಬಂದರು. ಅವರ ಕ್ಯಾಂಗ್‌ನಲ್ಲಿ ಶತ್ರುವಿನ ಘನತೆ ಎಷ್ಟು ಚೆನ್ನಾಗಿದೆಯೆಂದರೆ, ಕರ್ಕ್ ಗೆಲ್ಲಬೇಕು ಎಂದು ನಮಗೆ ಅನ್ನಿಸುವುದೇ ಇಲ್ಲ. ಮೆಕ್ಸಿಕೊದ ರಿಕಾರ್ಡೊ ಮೊಂಟಲ್ಬಾನ್ 1957ರ ‘ಸಯೋನಾರಾ’ದಲ್ಲಿ ಜಪಾನಿನ ಕಬುಕಿ ಕಲಾವಿದ. ಹತ್ತು ವರ್ಷದ ನಂತರ ‘ಸ್ಪೇಸ್ ಸೀಡ್’ ಕಂತಿನಲ್ಲಿ ಅವರು ಖಾನ್ ನೂನಿಯನ್ ಸಿಂಗ್. ಹೆಪ್ಪುಗಟ್ಟಿಸಿದ ನಿದ್ದೆಯಿಂದ ಎದ್ದ ಈತನನ್ನು ನೋಡಿದ ಹಡಗಿನ ಇತಿಹಾಸಜ್ಞೆ, ಉತ್ತರ ಭಾರತದವನು, ಬಹುಶಃ ಸಿಖ್ ಎಂದು ಅಂದಾಜು ಮಾಡುತ್ತಾಳೆ. ಜಪಾನಿ ಪಾತ್ರಕ್ಕೂ ಮೆಕ್ಸಿಕೊದವರು, ಸಿಖ್ ಪಾತ್ರಕ್ಕೂ ಮೆಕ್ಸಿಕೊದವರು. ಬಿಳಿಯನಲ್ಲದ ಯಾವ ಮುಖವಾದರೂ ಬಿಳಿಯನಲ್ಲದ ಯಾವ ಪಾತ್ರಕ್ಕಾದರೂ ನಡೆಯುತ್ತದೆ ಎಂಬ ಆ ಕಾಲದ ಲೆಕ್ಕಾಚಾರ ನನಗೆ ನೋವು ತರುತ್ತದೆ. ಆದರೂ ಮೊಂಟಲ್ಬಾನ್ ಆ ಪಾತ್ರಕ್ಕೆ ಕೊಟ್ಟ ಠೀವಿಯನ್ನು ಮೆಚ್ಚದೆ ಇರಲಾರೆ.

ಈ ಲೆಕ್ಕಾಚಾರದ ಅತಿ ಕಹಿ ಉದಾಹರಣೆ ಜಾರ್ಜ್ ಟಕೇ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ಜಪಾನಿ ಮೂಲದ ತನ್ನದೇ ಪ್ರಜೆಗಳನ್ನು ಶಿಬಿರಗಳಲ್ಲಿ ಕೂಡಿಹಾಕಿತಷ್ಟೆ. ಐದು ವರ್ಷದ ಟಕೇ ಕೂಡ ಅಪ್ಪ ಅಮ್ಮನ ಜೊತೆ ಆ ಮುಳ್ಳುತಂತಿಯ ಒಳಗಿದ್ದರು. ದೊಡ್ಡವರಾಗಿ ನಟನೆಗೆ ಬಂದಾಗ ಸಿಕ್ಕ ಮೊದಲ ಕೆಲಸಗಳಲ್ಲಿ ಒಂದು, ಜಪಾನಿನ ‘ರೋಡಾನ್’ ಚಿತ್ರಕ್ಕೆ ಇಂಗ್ಲಿಷ್ ದನಿ ಕೊಡುವುದು. ಆಮೇಲೆ ಯುದ್ಧದ ಚಿತ್ರಗಳು. 1964ರ ಮೇ 1ರಂದು ಪ್ರಸಾರವಾದ ‘ದಿ ಟ್ವೈಲೈಟ್ ಜೋನ್’ನ ‘ದಿ ಎನ್‌ಕೌಂಟರ್’ ಕಂತಿನಲ್ಲಿ ಅವರದು ತೋಟದ ಕೆಲಸ ಕೇಳಿಕೊಂಡು ಬರುವ ಯುವಕನ ಪಾತ್ರ. ಒಂದು ಅಟ್ಟ, ಇಬ್ಬರೇ ನಟರು, ಒಂದು ಜಪಾನಿ ಕತ್ತಿ. ಎದುರಿಗಿರುವವನು ಯುದ್ಧದಲ್ಲಿ ಆ ಕತ್ತಿಯನ್ನು ಕಿತ್ತುಕೊಂಡು ಬಂದ ಮಾಜಿ ಸೈನಿಕ. ಸೆಕೆ, ಬಿಯರ್, ಬಾಗಿಲು ತೆರೆಯುವುದಿಲ್ಲ. ಇಷ್ಟರಲ್ಲೇ ಇಬ್ಬರೂ ಒಬ್ಬರನ್ನೊಬ್ಬರು ಬಗೆಯುತ್ತಾರೆ. ಆದರೆ ಕಥೆಯಲ್ಲಿ ಆ ಯುವಕನ ತಂದೆ ಪರ್ಲ್ ಹಾರ್ಬರ್ ದಾಳಿಗೆ ನೆರವಾದ ದ್ರೋಹಿ ಎಂದು ಬರುತ್ತದೆ. ಜಪಾನಿ ಮೂಲದ ಅಮೆರಿಕನ್ನರು ನ್ಯಾಯವಾಗಿಯೇ ಪ್ರತಿಭಟಿಸಿದರು. ಆ ಕಂತು ದಶಕಗಳ ಕಾಲ ಅಲ್ಲಿ ಮರುಪ್ರಸಾರವಾಗಲಿಲ್ಲ. ಕಥೆಯ ಆ ಎಳೆ ಸುಳ್ಳು, ನಟನೆ ಮಾತ್ರ ನಿಜ. ಎರಡು ವರ್ಷದ ನಂತರ ಅದೇ ನಟ ಹಡಗಿನ ಚುಕ್ಕಾಣಿ ಹಿಡಿದ ಸುಲು. ಅವನು ಗೂಢಚಾರನಲ್ಲ, ಅಡುಗೆಯವನಲ್ಲ. ತನ್ನ ಕೆಲಸ ಬಲ್ಲ ಅಧಿಕಾರಿ ಅಷ್ಟೆ. ಆ ‘ಅಷ್ಟೆ’ಯ ಬೆಲೆ ತಿಳಿಯಬೇಕಾದರೆ ‘ದಿ ಎನ್‌ಕೌಂಟರ್’ ನೋಡಬೇಕು.

‘ಸ್ಟಾರ್ ಟ್ರೆಕ್’ ತಂಡದ ನಿಶೆಲ್ ನಿಕೋಲ್ಸ್ ಅವರನ್ನು 1959ರ ‘ಪೋರ್ಗಿ ಆ್ಯಂಡ್ ಬೆಸ್’ನ ನೃತ್ಯದ ಗುಂಪಿನಲ್ಲಿ ಹುಡುಕಬೇಕು, ಅಲ್ಲಿ ಅವರ ಹೆಸರಿಲ್ಲ. ಡ್ಯೂಕ್ ಎಲಿಂಗ್ಟನ್ ತಂಡದ ಜೊತೆ ಹಾಡಿದ ಗಾಯಕಿ ಅವರು. ‘ಸ್ಟಾರ್ ಟ್ರೆಕ್’ ನಿರ್ಮಾತೃ ಜೀನ್ ರಾಡನ್‌ಬೆರಿ ಅದಕ್ಕೂ ಮುಂಚೆ ಮಾಡಿದ ‘ದಿ ಲೆಫ್ಟಿನೆಂಟ್’ ಎಂಬ ಸೈನಿಕ ಸರಣಿಯಲ್ಲಿ ನಿಕೋಲ್ಸ್ ಇದ್ದ ಕಂತು ಸೇನೆಯೊಳಗಿನ ವರ್ಣದ್ವೇಷದ ಬಗ್ಗೆ. ಎನ್‌ಬಿಸಿ ಅದನ್ನು ಪ್ರಸಾರ ಮಾಡಲು ಒಪ್ಪಲಿಲ್ಲ. ನಿಮಾಯ್ ಮತ್ತು ಮುಂದೆ ‘ಸ್ಟಾರ್ ಟ್ರೆಕ್’ ಸೇರಿದ ವಾಲ್ಟರ್ ಕೇನಿಗ್ ಕೂಡ ಅದೇ ಸರಣಿಯ ಬೇರೆ ಬೇರೆ ಕಂತುಗಳಲ್ಲಿದ್ದಾರೆ. ಭೂಮಿಯ ಮೇಲಿನ ಸೈನಿಕರ ಕಥೆಯಲ್ಲಿ ಹೇಳಲು ಬಿಡದ ಮಾತನ್ನು ರಾಡನ್‌ಬೆರಿ ನಕ್ಷತ್ರಗಳ ನಡುವಿನ ಕಥೆಯಲ್ಲಿ ಹೇಳಿದರು. ಅಲ್ಲಿ ಜೊತೆಗಿದ್ದ ನಟರನ್ನು ಮುಂದೆಯೂ ಜೊತೆಗೆ ಕರೆದೊಯ್ದರು.

ಡಿಫಾರೆಸ್ಟ್ ಕೆಲಿ ಅವರದು ತದ್ವಿರುದ್ಧ ಕಥೆ. ಹಡಗಿನ ಮುಂಗೋಪಿ, ಮಮತೆಯ ಡಾಕ್ಟರ್ ಮೆಕಾಯ್ ಆಗಿ ನಾವು ಬಲ್ಲ ಕೆಲಿ ಅದಕ್ಕೆ ಮೊದಲು ಕೌಬಾಯ್ ಚಿತ್ರಗಳ ಕಾಯಂ ಖಳ. ಅರಿಜೋನಾದ ಟೂಂಬ್‌ಸ್ಟೋನ್ ಊರಿನಲ್ಲಿ 1881ರಲ್ಲಿ ನಡೆದ ಓ.ಕೆ. ಕೊರಾಲ್ ಗುಂಡಿನ ಕಾಳಗ ಅಮೆರಿಕನ್ನರು ಮತ್ತೆ ಮತ್ತೆ ಹೇಳಿಕೊಳ್ಳುವ ಕಥೆ. 1955ರಲ್ಲಿ ‘ಯೂ ಆರ್ ದೇರ್’ ಸರಣಿಗಾಗಿ ಅದನ್ನು ಮಾಡಿದಾಗ ಕೆಲಿ, ದುಷ್ಟರ ಗುಂಪಿನ ಐಕ್ ಕ್ಲಾಂಟನ್. 1957ರ ‘ಗನ್‌ಫೈಟ್ ಅಟ್ ದಿ ಓ.ಕೆ. ಕೊರಾಲ್’ ಚಿತ್ರದಲ್ಲಿ ಬರ್ಟ್ ಲ್ಯಾಂಕಾಸ್ಟರ್ ಪಕ್ಕದಲ್ಲಿ ಕೋವಿ ಹಿಡಿದು ನಡೆಯುವ ಮಾರ್ಗನ್ ಅರ್ಪ್, ಅಂದರೆ ಕಾನೂನಿನ ಕಡೆಯವನು. 1968ರಲ್ಲಿ ‘ಸ್ಟಾರ್ ಟ್ರೆಕ್’ನ ‘ಸ್ಪೆಕ್ಟರ್ ಆಫ್ ದಿ ಗನ್’ ಕಂತಿನಲ್ಲಿ ಅನ್ಯಗ್ರಹದ ಶಕ್ತಿಯೊಂದು ಕರ್ಕ್ ಮತ್ತು ಸಂಗಡಿಗರನ್ನು ಅದೇ ಕಾಳಗದಲ್ಲಿ ಸೋತ ಪಕ್ಷದ ಜಾಗದಲ್ಲಿ ನಿಲ್ಲಿಸುತ್ತದೆ. ಹೀಗೆ ಕೆಲಿ ಮೂರನೇ ಸಲ ಅದೇ ಕೊರಾಲಿಗೆ ಬಂದರು. ಮೂರನ್ನೂ ಒಂದರ ಹಿಂದೆ ಒಂದು ನೋಡಿದರೆ ಅವರ ನಡಿಗೆ ಗಮನಿಸಿ. ಸೊಂಟ ಸ್ವಲ್ಪ ಮುಂದೆ, ಭುಜ ಸಡಿಲ. ಹಡಗಿನ ಆಸ್ಪತ್ರೆಯ ಕೋಣೆಯಲ್ಲೂ ಅವರು ನಡೆಯುವುದು ಹಾಗೆಯೇ, ಕುದುರೆಯಿಂದ ಈಗಷ್ಟೇ ಇಳಿದವರಂತೆ. ಅವರು ನಾಯಕರಾಗಿದ್ದ ಚಿತ್ರ ಬೇಕೆಂದರೆ 1947ರ ‘ಫಿಯರ್ ಇನ್ ದಿ ನೈಟ್’ ಇದೆ. ಕನಸಿನಲ್ಲಿ ಕೊಲೆ ಮಾಡಿ ಎದ್ದವನ ಕೈಯಲ್ಲಿ ನಿಜವಾದ ಸಾಕ್ಷ್ಯ ಉಳಿದಿರುವ ಕಥೆ.

ಜೇಮ್ಸ್ ಡೂಹನ್, ಅಂದರೆ ಎಂಜಿನಿಯರ್ ಸ್ಕಾಟಿ, ಅವರನ್ನು ಗುರುತಿಸುವ ವಿಧಾನ ಎಲ್ಲಕ್ಕಿಂತ ಬೇರೆ. ದನಿ ಉಪಯೋಗಕ್ಕೆ ಬಾರದು. ಏಕೆಂದರೆ ಅವರು ಕೆನಡಾದ ರೇಡಿಯೊದಲ್ಲಿ ಪಳಗಿದವರು, ಯಾವ ಸೀಮೆಯ ಉಚ್ಚಾರಣೆಯನ್ನಾದರೂ ತೆಗೆಯಬಲ್ಲರು. ಸ್ಕಾಟಿಯ ಮಾತಿನ ಧಾಟಿಯನ್ನು ಆರಿಸಿದ್ದೂ ಅವರೇ. ಬಲಗೈ ನೋಡಿ. 1944ರ ಜೂನ್ 6ರಂದು ನಾರ್ಮಂಡಿಯ ಜೂನೊ ತೀರದಲ್ಲಿ ಇಳಿದ ಕೆನಡಾ ಸೈನಿಕರಲ್ಲಿ ಡೂಹನ್ ಒಬ್ಬರು. ಆ ರಾತ್ರಿ ತಮ್ಮದೇ ಕಡೆಯ ಕಾವಲುಗಾರ ಗಾಬರಿಯಿಂದ ಹಾರಿಸಿದ ಗುಂಡುಗಳಲ್ಲಿ ಒಂದು ಎದೆಗೆ ಬಂದು ಜೇಬಿನ ಸಿಗರೇಟ್ ಡಬ್ಬಿಗೆ ತಾಗಿ ನಿಂತಿತು, ಇನ್ನೊಂದು ಬಲಗೈಯ ನಡುಬೆರಳನ್ನು ಒಯ್ದಿತು. ಟಿವಿಯಲ್ಲಿ ಆ ಕೈಯನ್ನು ಅವರು ಬೆನ್ನ ಹಿಂದೆಯೋ ಯಂತ್ರದ ಮರೆಯಲ್ಲೋ ಇಡುತ್ತಿದ್ದರು. ಗುಂಡಿ ಒತ್ತುವ ಹತ್ತಿರದ ಶಾಟ್‌ಗಳಿಗೆ ಬೇರೆಯವರ ಕೈ ಬಳಸುತ್ತಿದ್ದರು. 1963ರ ‘ದಿ ಟ್ವೈಲೈಟ್ ಜೋನ್’ನ ‘ವ್ಯಾಲಿ ಆಫ್ ದಿ ಶ್ಯಾಡೊ’ದಲ್ಲಿ ಅವರೊಬ್ಬ ಸಾಧಾರಣ ಗೃಹಸ್ಥ, ಸ್ಕಾಟ್ಲೆಂಡಿನ ಸುಳಿವೂ ಇಲ್ಲ. ನೋಡುವಾಗ ಮುಖದ ಜೊತೆ ಆ ಕೈಯನ್ನೂ ಹುಡುಕಿ.

ಶಾಟ್ನರ್ ವಿಷಯದಲ್ಲಿ ಹುಡುಕಾಟವೇ ಬೇಡ, ಅವರು ಎಲ್ಲ ಕಡೆ ಇದ್ದಾರೆ. 1961ರ ‘ಜಡ್ಜ್‌ಮೆಂಟ್ ಅಟ್ ನ್ಯೂರೆಂಬರ್ಗ್’ನಲ್ಲಿ ನ್ಯಾಯಾಧೀಶರ ಸಹಾಯಕ ಸೇನಾಧಿಕಾರಿ. 1963ರಲ್ಲಿ ವಿಮಾನದ ರೆಕ್ಕೆಯ ಮೇಲೆ ಭೂತ ಕಂಡು ಕಂಗೆಡುವ ಪ್ರಯಾಣಿಕ. 1966ರ ‘ಇನ್‌ಕ್ಯುಬಸ್’ನಲ್ಲಿ ಇಡೀ ಚಿತ್ರ ಎಸ್ಪರಾಂಟೊ ಎಂಬ ಕೃತಕ ಭಾಷೆಯಲ್ಲಿ ಮಾತಾಡಿದ್ದಾರೆ. 1976ರ ‘ಕೊಲಂಬೊ’ ಕಂತಿನಲ್ಲಿ ಟಿವಿ ಪತ್ತೇದಾರನ ಪಾತ್ರ ಮಾಡುವ ನಟನಾಗಿ ಬಂದು ತಾವೇ ಕೊಲೆ ಮಾಡುತ್ತಾರೆ. ಅಲ್ಲಿ ಸಣ್ಣ ಪೊಲೀಸ್ ಪಾತ್ರದಲ್ಲಿ ವಾಲ್ಟರ್ ಕೇನಿಗ್ ಇದ್ದಾರೆ, ತಪ್ಪಿಸಿಕೊಳ್ಳಬೇಡಿ. ಆದರೆ ಶಾಟ್ನರ್ ಎಂಥ ನಟ ಎಂಬುದಕ್ಕೆ ನಾನು ತೋರಿಸುವುದು ರೋಜರ್ ಕಾರ್ಮನ್ 1962ರಲ್ಲಿ ಮಾಡಿದ ‘ದಿ ಇಂಟ್ರೂಡರ್’ ಚಿತ್ರವನ್ನು. ಕಪ್ಪು ಮಕ್ಕಳು ಬಿಳಿಯರ ಶಾಲೆಗೆ ಸೇರುವುದನ್ನು ತಡೆಯಲು ಬಿಳಿ ಸೂಟು ತೊಟ್ಟು ದಕ್ಷಿಣದ ಊರಿಗೆ ಬರುವ ಸಿಹಿ ಮಾತಿನ ವಿಷಜಂತು ಅವರು. ಮಿಸೌರಿಯ ಊರುಗಳಲ್ಲಿ ಸ್ಥಳೀಯರನ್ನೇ ಜನಸಮೂಹವಾಗಿ ನಿಲ್ಲಿಸಿ ಚಿತ್ರೀಕರಿಸಿದ್ದಾರೆ. ನ್ಯಾಯಾಲಯದ ಮೆಟ್ಟಿಲ ಮೇಲಿನ ಭಾಷಣದಲ್ಲಿ ಅವರು ದನಿ ತಗ್ಗಿಸಿ, ತಡೆದು, ಥಟ್ಟನೆ ಎತ್ತುವ ರೀತಿ ಇದೆಯಲ್ಲ, ಅದೇ ರೀತಿಯಲ್ಲಿ ನಾಲ್ಕು ವರ್ಷದ ನಂತರ ಕರ್ಕ್ ಸಮಾನತೆಯ ಪರವಾಗಿ ಮಾತಾಡುತ್ತಾನೆ. ಮಾತಿನ ಅದೇ ಕಲೆ ಎಂಥ ಕೆಡುಕಿಗೂ ಒದಗಬಹುದು ಎಂದು ಗೊತ್ತಾದ ಮೇಲೆ ಕರ್ಕ್‌ನ ಮಾತುಗಳನ್ನು ಇನ್ನಷ್ಟು ಎಚ್ಚರದಿಂದ ಕೇಳುತ್ತೇವೆ. ಆ ಚಿತ್ರ ಕಾರ್ಮನ್‌ಗೆ ನಷ್ಟ ತಂದಿತು.

ಬೇರೆ ಸರಣಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ‘ಲಾಸ್ಟ್ ಇನ್ ಸ್ಪೇಸ್’ನ ಅಪ್ಪ ಗೈ ವಿಲಿಯಮ್ಸ್ ಡಿಸ್ನಿಯವರ ‘ಜೋರೊ’. ಅಮ್ಮ ಜೂನ್ ಲಾಕ್‌ಹಾರ್ಟ್ 1938ರ ‘ಎ ಕ್ರಿಸ್ಮಸ್ ಕ್ಯಾರಲ್’ನಲ್ಲಿ ಪುಟ್ಟ ಹುಡುಗಿ, ತಮ್ಮ ನಿಜವಾದ ಅಪ್ಪ ಅಮ್ಮನ ಜೊತೆಗೇ ನಟಿಸಿದ್ದಾರೆ. ಕಿರಿಯ ಮಗಳು ಏಂಜೆಲಾ ಕಾರ್ಟ್‌ರೈ‌ಟ್‌ರನ್ನು ನೀವು ಖಂಡಿತ ನೋಡಿರುತ್ತೀರಿ. ‘ದಿ ಸೌಂಡ್ ಆಫ್ ಮ್ಯೂಸಿಕ್’ನಲ್ಲಿ ಕ್ಯಾಪ್ಟನ್ ಸೀಟಿ ಊದಿದಾಗ ಪುಸ್ತಕ ಓದುತ್ತಾ ತಡವಾಗಿ ಬರುವ ಬ್ರಿಗಿಟ್ಟಾ ಆಕೆಯೇ. ‘ಸ್ಪೇಸ್: 1999’ರ ಮಾರ್ಟಿನ್ ಲ್ಯಾಂಡೌ, ಹಿಚ್‌ಕಾಕ್ ಅವರ 1959ರ ‘ನಾರ್ತ್ ಬೈ ನಾರ್ತ್‌ವೆಸ್ಟ್’ನಲ್ಲಿ ಖಳನ ಬಲಗೈ. ಲ್ಯಾಂಡೌ 1969ರಲ್ಲಿ ‘ಮಿಷನ್: ಇಂಪಾಸಿಬಲ್’ ಬಿಟ್ಟಾಗ ಖಾಲಿಯಾದ ವೇಷಧಾರಿಯ ಸ್ಥಾನಕ್ಕೆ ಬಂದವರು ಆಗಷ್ಟೇ ‘ಸ್ಟಾರ್ ಟ್ರೆಕ್’ ಮುಗಿಸಿದ ನಿಮಾಯ್.

ಬ್ರಿಟನ್ನಿನ ‘ಡಾಕ್ಟರ್ ಹೂ’ ವಿಚಾರಕ್ಕೆ ಬಂದರೆ ಹಳೆಯ ಚಿತ್ರಗಳ ಮಹತ್ವ ಇನ್ನೂ ಹೆಚ್ಚು. 1960ರ ದಶಕದ ಕಂತುಗಳ ಟೇಪುಗಳನ್ನು ಬಿಬಿಸಿ ಅಳಿಸಿಹಾಕಿದ್ದರಿಂದ ನಾಯಕ ‘ಡಾಕ್ಟರ್’ನ ಪಾತ್ರ ಮಾಡಿದವರಲ್ಲಿ ಎರಡನೆಯವರಾದ ಪ್ಯಾಟ್ರಿಕ್ ಟ್ರೌಟನ್ ಅವರ ಎಷ್ಟೋ ಕಂತುಗಳು ಇಂದು ದನಿಯಾಗಿ ಮಾತ್ರ ಉಳಿದಿವೆ. ಅವರ ದೇಹಭಾಷೆಯನ್ನು ಪೂರ್ತಿ ನೋಡಬೇಕಾದರೆ ಸಿನಿಮಾಗಳೂ ಬೇಕು. ಲಾರೆನ್ಸ್ ಒಲಿವಿಯರ್ ಅವರ 1948ರ ‘ಹ್ಯಾಮ್ಲೆಟ್’ನಲ್ಲಿ ನಾಟಕದೊಳಗಿನ ನಾಟಕದ ರಾಜ ಟ್ರೌಟನ್. ಅದೇ ಚಿತ್ರದ ಬಿನ್ನಾಣದ ಆಸ್ಥಾನಿಕ ಓಸ್ರಿಕ್ ಪೀಟರ್ ಕುಶಿಂಗ್, 1965ರ ಸಿನಿಮಾದಲ್ಲಿ ಡಾಕ್ಟರ್ ಆದವರು. ಹೀಗೆ ಒಂದೇ ಎಲ್ಸಿನೋರ್ ಅರಮನೆಯಲ್ಲಿ ಮುಂದಿನ ಇಬ್ಬರು ಡಾಕ್ಟರ್‌ಗಳಿದ್ದಾರೆ. 1963ರ ‘ಜೇಸನ್ ಆ್ಯಂಡ್ ದಿ ಆರ್ಗೊನಾಟ್ಸ್’ನಲ್ಲಿ ರೆಕ್ಕೆಯ ರಾಕ್ಷಸಿಯರ ಕಾಟಕ್ಕೆ ಅನ್ನ ಕಾಣದೆ ಕೊರಗುವ ಕುರುಡ ಮುದುಕ, 1976ರ ‘ದಿ ಓಮನ್’ನಲ್ಲಿ ಬಿರುಗಾಳಿಯಲ್ಲಿ ಸಾಯುವ ಪಾದ್ರಿ ಟ್ರೌಟನ್ ಅವರೇ. ಮೊದಲ ಡಾಕ್ಟರ್ ವಿಲಿಯಂ ಹಾರ್ಟ್‌ನೆಲ್ ಸಾರ್ಜೆಂಟ್ ಪಾತ್ರಗಳಲ್ಲಿ ಸಿಲುಕಿಕೊಂಡಿದ್ದರು. ‘ದಿಸ್ ಸ್ಪೋರ್ಟಿಂಗ್ ಲೈಫ್’ನ ದೀನ ಮುದುಕನಾಗಿ ಅವರನ್ನು ಕಂಡ ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಡಾಕ್ಟರ್ ಪಾತ್ರಕ್ಕೆ ಕರೆದರು. ಟಾಮ್ ಬೇಕರ್ ಆ ಪಾತ್ರಕ್ಕೆ ಆಯ್ಕೆಯಾದಾಗ ಕಟ್ಟಡದ ಕೆಲಸ ಮಾಡುತ್ತಿದ್ದರು. ‘ದಿ ಗೋಲ್ಡನ್ ವಾಯೇಜ್ ಆಫ್ ಸಿಂದ್‌ಬಾದ್’ನ ಮಾಂತ್ರಿಕನಾಗಿ ಅವರು ಮಾಡಿದ ಕೆಲಸ ಬಿಬಿಸಿಯವರ ಕಣ್ಣಿಗೆ ಬಿದ್ದಿತ್ತು.

ನಮ್ಮ ದೇಶದ ಕಡೆಗೂ ಎರಡು ಎಳೆಗಳಿವೆ. 1965ರ ಮಿಸ್ ಇಂಡಿಯಾ, ಮುಂಬೈನ ಪರ್ಸಿಸ್ ಖಂಬಾಟಾ, ‘ಸ್ಟಾರ್ ಟ್ರೆಕ್’ನ ಹೊಸ ಟಿವಿ ಸರಣಿಗೆ ಆಯ್ಕೆಯಾಗಿದ್ದರು. ಆ ಸರಣಿ ನಿಂತು 1979ರ ಸಿನಿಮಾ ಆಯಿತು. ತಲೆ ಬೋಳಿಸಿಕೊಂಡು ಇಲಿಯಾ ಆದ ಅವರನ್ನು ತುಂಬುಗೂದಲಲ್ಲಿ ನೋಡಲು ಕೆ. ಎ. ಅಬ್ಬಾಸರ ‘ಬಂಬಯಿ ರಾತ್ ಕೀ ಬಾಹೋಂ ಮೇಂ’ ಇದೆ. ಇನ್ನೊಂದು ಎಳೆ ನಮ್ಮವರದೇ. 1989ರ ಹೊತ್ತಿಗೆ ದೂರದರ್ಶನದಲ್ಲಿ ಬಂದ ‘ಇಂದ್ರಧನುಷ್’ ಎಂಬ ಮಕ್ಕಳ ವೈಜ್ಞಾನಿಕ ಧಾರಾವಾಹಿಯ ಅಪ್ಪ ಗಿರೀಶ ಕಾರ್ನಾಡ್. ಶಂಕರನಾಗ್ ಅವರ ‘ಮಾಲ್ಗುಡಿ ಡೇಸ್’ನ ಗಡಸು ಅಪ್ಪನನ್ನು ಎಲ್ಲರೂ ಬಲ್ಲರು. ಆ ಎರಡನ್ನೂ ನೋಡಿದ ಮೇಲೆ 1970ರ ‘ಸಂಸ್ಕಾರ’ಕ್ಕೆ ಹೋಗಿ. ಶಾಸ್ತ್ರಗ್ರಂಥಗಳ ಮುಂದೆ ಕೂತ ಬರಿಮೈಯ ಪ್ರಾಣೇಶಾಚಾರ್ಯರ ಮುಖದಲ್ಲಿ ಮುಂದಿನ ಅಪ್ಪಂದಿರು ಸುಲಭಕ್ಕೆ ಕಾಣುವುದಿಲ್ಲ. ಮಾತು ಶುರುವಾದರೆ, ಪದದ ಕೊನೆಯನ್ನು ಒತ್ತದೆ ಹಗುರವಾಗಿ ಬಿಡುವ ಆ ರೀತಿ ಕೂಡಲೇ ಗೊತ್ತಾಗುತ್ತದೆ. ಅಬ್ದುಲ್ ಕಲಾಂ ಅವರ ಆತ್ಮಕಥೆಯ ಇಂಗ್ಲಿಷ್ ಆಡಿಯೊ ಪುಸ್ತಕಕ್ಕೆ ದನಿಯಾದವರೂ ಇವರೇ.

ಎಲ್ಲಿಂದ ಶುರು ಮಾಡುವುದು ಎಂದು ಕೇಳಿದರೆ, 1964ರ ‘ದಿ ಮ್ಯಾನ್ ಫ್ರಮ್ ಅಂಕಲ್’ ಸರಣಿಯ ‘ದಿ ಪ್ರಾಜೆಕ್ಟ್ ಸ್ಟ್ರೈಗಸ್ ಅಫೇರ್’ ಕಂತಿನಿಂದ. ತಿಗಣೆ ಜಿರಲೆಗೆ ಔಷಧ ಹೊಡೆಯುವ ವ್ಯಾಪಾರಿಯಾಗಿ ಶಾಟ್ನರ್, ಶತ್ರು ದೇಶದ ರಾಯಭಾರಿಯ ಸಹಾಯಕನಾಗಿ ನಿಮಾಯ್ ಇದ್ದಾರೆ. ಕರ್ಕ್ ಮತ್ತು ಸ್ಪಾಕ್ ಹುಟ್ಟಲು ಇನ್ನೂ ಎರಡು ವರ್ಷವಿದೆ. ಮೊದಲ ಸಲ ನೋಡುವಾಗ ಉಪಶೀರ್ಷಿಕೆಯನ್ನು ತೆಗೆದುಬಿಡಿ. ಓದುತ್ತಾ ಕೂತರೆ ದನಿಯ ಕಡೆ ಗಮನ ಹೋಗುವುದಿಲ್ಲ. ಅದಾದ ಮೇಲೆ ‘ಗನ್‌ಸ್ಮೋಕ್’ನ ಜಾನ್ ವಾಕಿಂಗ್ ಫಾಕ್ಸ್ ಕಂತು, ಆಮೇಲೆ ‘ದಿ ಎನ್‌ಕೌಂಟರ್’. ‘ದಿ ಇಂಟ್ರೂಡರ್’ ಮಾತ್ರ ಮಕ್ಕಳ ಜೊತೆ ಕೂತು ನೋಡುವ ಚಿತ್ರವಲ್ಲ.